ಬಂಕ್‌ನಲ್ಲಿ ಕೊಟ್ಟ 102 ರೂಪಾಯಿ 86 ಪೈಸೆ ಎಲ್ಲೆಲ್ಲಿ ಹೋಯ್ತು?

2024ರ ಜೂನ್ 15, ಶನಿವಾರ. ಸಂಜೆ ಭಾವ ಫೋನ್ ಮಾಡಿದರು. "ಡೀಸೆಲ್ 3 ರೂಪಾಯಿ ಜಾಸ್ತಿ ಆಯ್ತಂತೆ, ನೋಡಿದ್ಯಾ?"

ಭಾವನದು ಒಂದು ಐಷರ್ ಗಾಡಿ. ಮಾಲೂರು ಕಡೆಯಿಂದ ಬೆಂಗಳೂರಿಗೆ ತರಕಾರಿ ಸಾಗಿಸುತ್ತಾರೆ. ದಿನಕ್ಕೆ ಎರಡು ಟ್ರಿಪ್, ಹತ್ತಿರ ಹತ್ತಿರ 25 ಲೀಟರ್ ಡೀಸೆಲ್. ಲೀಟರಿಗೆ 3 ರೂಪಾಯಿ ಅಂದರೆ ದಿನಕ್ಕೆ 75. ತಿಂಗಳಲ್ಲಿ 26 ದಿನ ಗಾಡಿ ಓಡಿದರೆ 1,950 ರೂಪಾಯಿ. ಟ್ರಿಪ್ ಬಾಡಿಗೆ ಮಾತ್ರ ಮಂಡಿಯವರ ಜೊತೆ ಮೊದಲೇ ಮಾತಾಗಿರುತ್ತೆ, ಡೀಸೆಲ್ ಏರಿತು ಅಂತ ಮಾರನೇ ದಿನವೇ ಹೋಗಿ ಜಾಸ್ತಿ ಕೊಡಿ ಅನ್ನೋಕೆ ಆಗಲ್ಲ.

ಮರುದಿನ ನಾನು ಬೈಕಿಗೆ ಪೆಟ್ರೋಲ್ ಹಾಕಿಸಲು ಹೋದೆ. ಬಂಕ್ ಹುಡುಗ ಎಂದಿನಂತೆ "ಝೀರೋ ನೋಡ್ಕೊಳ್ಳಿ ಸಾರ್" ಅಂದ. ನನ್ನ ಕಣ್ಣು ಹೋಗಿದ್ದು ದರದ ಮೇಲೆ. 102.86. ಎರಡು ದಿನದ ಹಿಂದೆ 99.84 ಇತ್ತು. ಇದಕ್ಕೆ ಯಾವ ಯುದ್ಧವೂ ಕಾರಣ ಅಲ್ಲ, ಕಚ್ಚಾ ತೈಲವೂ ಕಾರಣ ಅಲ್ಲ. ರಾಜ್ಯ ಸರ್ಕಾರ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 25.92ರಿಂದ ಶೇ 29.84ಕ್ಕೆ ಏರಿಸಿತ್ತು. ಡೀಸೆಲ್ ತೆರಿಗೆಯೂ ಏರಿತ್ತು.

ಅವತ್ತು ರಾತ್ರಿ ಕೂತು ಈ 102.86ನ್ನು ಬಿಡಿಸಿ ನೋಡಿದೆ.

ಕಚ್ಚಾ ತೈಲ ಅಳೆಯೋದು ಬ್ಯಾರೆಲ್ ಲೆಕ್ಕದಲ್ಲಿ. ಒಂದು ಬ್ಯಾರೆಲ್ ಅಂದರೆ 159 ಲೀಟರ್. ಆಗ ಬ್ಯಾರೆಲ್‌ಗೆ ಸುಮಾರು 82 ಡಾಲರ್, ಡಾಲರಿಗೆ 83 ರೂಪಾಯಿ ಚಿಲ್ಲರೆ. ಗುಣಿಸಿ ಭಾಗಿಸಿದರೆ ಲೀಟರಿಗೆ 43 ರೂಪಾಯಿ. ಇನ್ನು ತೆರಿಗೆ. ಕೇಂದ್ರದ ಎಕ್ಸೈಸ್ ಸುಂಕ 19.90, ರಾಜ್ಯದ ಪಾಲು ಸುಮಾರು 23. ಸೇರಿಸಿದರೆ ಅದೂ 43! ಅಂದರೆ ತೈಲಕ್ಕೆ ಎಷ್ಟು ಕೊಟ್ಟೆವೋ ತೆರಿಗೆಗೂ ಅಷ್ಟೇ ಕೊಟ್ಟೆವು. ಉಳಿದ 16-17 ರೂಪಾಯಿಯಲ್ಲಿ ಹಡಗಿನ ಬಾಡಿಗೆ, ಶುದ್ಧೀಕರಣ, ಪೈಪ್‌ಲೈನ್, ಟ್ಯಾಂಕರ್, ಕಂಪನಿಯ ಲಾಭ ಎಲ್ಲಾ ಬಂತು. ಬಂಕ್ ಮಾಲೀಕರ ಕಮಿಷನ್ ಇದರಲ್ಲಿ 4 ರೂಪಾಯಿ ಆಸುಪಾಸು. ಬೆಲೆ ಏರಿದಾಗ ಜನ ಬೈಯೋದು ಬಂಕ್‌ನವರನ್ನೇ, ಆದರೆ ದರ ಅವರ ಕೈಯಲ್ಲಿ ಇಲ್ಲವೇ ಇಲ್ಲ.

ಲೆಕ್ಕ ಮಾಡುವಾಗ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. 2008ರ ಜುಲೈನಲ್ಲಿ ಕಚ್ಚಾ ತೈಲ 147 ಡಾಲರ್ ಮುಟ್ಟಿತ್ತು. ಅಷ್ಟು ಎತ್ತರ ಅದಕ್ಕೂ ಮುಂಚೆ ಯಾವತ್ತೂ ಹೋಗಿರಲಿಲ್ಲ. ಆಗ ಡಾಲರಿಗೆ 43 ರೂಪಾಯಿ. ಹಾಗಾಗಿ ಲೀಟರ್ ಕಚ್ಚಾ ತೈಲಕ್ಕೆ ಸುಮಾರು 40 ರೂಪಾಯಿ ಬೀಳುತ್ತಿತ್ತು. 2024ರಲ್ಲಿ ತೈಲ ಅದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಬೆಲೆಗೆ ಸಿಗುತ್ತಿದ್ದರೂ ನಮಗೆ 43 ಬಿತ್ತು. ರೂಪಾಯಿ ಬಿದ್ದರೆ ಎಣ್ಣೆ ಏರಿದ ಹಾಗೇ. ಬಳಸುವ ಕಚ್ಚಾ ತೈಲದಲ್ಲಿ ಶೇ 85ಕ್ಕೂ ಜಾಸ್ತಿ ಹೊರಗಿಂದ ತರುವ ದೇಶ ನಮ್ಮದು, ಇದರಿಂದ ತಪ್ಪಿಸಿಕೊಳ್ಳೋಕೆ ಆಗಲ್ಲ.

ಆ ಎಣ್ಣೆ ಬರುವ ದಾರಿ ನಮ್ಮ ರಾಜ್ಯದಲ್ಲೇ ಕಾಣುತ್ತೆ. ಮಂಗಳೂರಿಗೆ ಹಡಗಿನಲ್ಲಿ ಕಚ್ಚಾ ತೈಲ ಬರುತ್ತೆ. ಎಂಆರ್‌ಪಿಎಲ್ ಶುದ್ಧೀಕರಣ ಘಟಕದಲ್ಲಿ ಅದನ್ನು ಚೆನ್ನಾಗಿ ಕಾಯಿಸಿ ಎತ್ತರದ ಗೋಪುರಕ್ಕೆ ಬಿಡುತ್ತಾರೆ. ಹಗುರವಾದ ಗ್ಯಾಸ್ ಮೇಲೆ, ಅದರ ಕೆಳಗೆ ಪೆಟ್ರೋಲ್ ಆಗುವ ಭಾಗ, ಆಮೇಲೆ ಸೀಮೆಎಣ್ಣೆ, ಡೀಸೆಲ್, ತಳದಲ್ಲಿ ರಸ್ತೆಗೆ ಹಾಕುವ ಡಾಂಬರಿಗೆ ಬೇಕಾದ ಗಟ್ಟಿ ಎಣ್ಣೆ. ಅಲ್ಲಿಂದ ಹಾಸನದ ಮೇಲೆ ಬೆಂಗಳೂರಿನ ತನಕ 360 ಕಿಲೋಮೀಟರಿಗೂ ಉದ್ದದ ಪೈಪ್‌ಲೈನ್ ಇದೆ. ಘಾಟಿ ಹತ್ತಿ ಬಂದ ಪೆಟ್ರೋಲ್, ಡೀಸೆಲ್ ಹೊಸಕೋಟೆ ಹತ್ತಿರದ ದೇವನಗೊಂದಿ ಡಿಪೋಗೆ ಸೇರುತ್ತೆ. ಮಾಲೂರಿಗೆ ಹೋಗುವಾಗ ಆ ರಸ್ತೆಯಲ್ಲಿ ಸಾಲಾಗಿ ನಿಂತ ಟ್ಯಾಂಕರ್‌ಗಳನ್ನು ಎಷ್ಟು ಸಲ ನೋಡಿದ್ದೀನೋ.

ಮಂಗಳೂರಲ್ಲೇ ತಯಾರಾದ ಪೆಟ್ರೋಲ್‌ಗೆ ಇಲ್ಲಿನ ಖರ್ಚಿನ ಲೆಕ್ಕದಲ್ಲಿ ದರ ಕಟ್ಟುತ್ತಾರೆ ಅಂತ ನಾನು ಬಹಳ ದಿನ ಅಂದುಕೊಂಡಿದ್ದೆ. ಹಾಗಲ್ಲ. ತಯಾರಾದ ಪೆಟ್ರೋಲನ್ನೇ ಹೊರಗಿಂದ ತರಿಸಿದ್ದರೆ ಎಷ್ಟು ಬೀಳುತ್ತಿತ್ತು ಅನ್ನೋದಕ್ಕೆ ಶೇ 80, ಹೊರಗೆ ಮಾರಿದ್ದರೆ ಎಷ್ಟು ಸಿಗುತ್ತಿತ್ತು ಅನ್ನೋದಕ್ಕೆ ಶೇ 20 ಹಿಡಿಯುವ ಸೂತ್ರ 2006ರಲ್ಲಿ ಬಂತು. ಹಾಗಾಗಿ ಕಚ್ಚಾ ತೈಲ ಸುಮ್ಮನಿದ್ದರೂ ಹೊರಗಿನ ಪೇಟೆಯಲ್ಲಿ ಪೆಟ್ರೋಲ್‌ಗೆ ಬೇಡಿಕೆ ಬಂದರೆ ಅದರ ಬಿಸಿ ನಮಗೂ ತಟ್ಟುತ್ತೆ.

2010ರ ಜೂನ್‌ನಲ್ಲಿ ಪೆಟ್ರೋಲ್ ದರವನ್ನೂ 2014ರ ಅಕ್ಟೋಬರ್‌ನಲ್ಲಿ ಡೀಸೆಲ್ ದರವನ್ನೂ ಸರ್ಕಾರ ಕಂಪನಿಗಳಿಗೆ ಬಿಟ್ಟುಕೊಟ್ಟಿತು. 2017ರ ಜೂನ್ 16ರಿಂದ ದಿನಾ ಬೆಳಗ್ಗೆ ದರ ಬದಲಾಗುವ ಪದ್ಧತಿ ಬಂತು. ಪೇಟೆ ಇಳಿದರೆ ನಿಮಗೂ ಇಳಿಯುತ್ತೆ ಅಂದರು. ನಾನೂ ನಂಬಿದ್ದೆ.

2020ರಲ್ಲಿ ಆ ನಂಬಿಕೆ ಹೋಯಿತು. ಕೊರೋನಾದಿಂದ ಪ್ರಪಂಚವೇ ಮನೆಯಲ್ಲಿ ಕೂತಿತ್ತು, ಎಣ್ಣೆ ಕೇಳುವವರೇ ಇರಲಿಲ್ಲ, ಏಪ್ರಿಲ್ 20ರಂದು ಅಮೆರಿಕದ ಪೇಟೆಯಲ್ಲಿ ಬ್ಯಾರೆಲ್ ದರ ಸೊನ್ನೆಗಿಂತ 37 ಡಾಲರ್ ಕೆಳಗೆ ಹೋಯಿತು. ಇಟ್ಟುಕೊಳ್ಳಲು ಜಾಗ ಇಲ್ಲದೆ, ತಗೊಂಡು ಹೋಗಿ ಅಂತ ದುಡ್ಡು ಕೊಡುವ ಸ್ಥಿತಿ. ಆ ಹೊತ್ತಲ್ಲಿ ಉಡುಪಿ ಜಿಲ್ಲೆಯ ಪಾದೂರು ಮತ್ತು ಮಂಗಳೂರಿನಲ್ಲಿ ಬಂಡೆ ಕೊರೆದು ಮಾಡಿದ ನೆಲದಡಿಯ ತೈಲ ಸಂಗ್ರಹಗಳಿಗೆ ನಮ್ಮ ದೇಶ ಅಗ್ಗದ ಎಣ್ಣೆ ತುಂಬಿಸಿತು. ಅದು ನಿಜಕ್ಕೂ ಒಳ್ಳೆಯ ಕೆಲಸ.

ಆದರೆ ಬಂಕ್‌ನಲ್ಲಿ ಏನಾಯಿತು? ಮೇ 6ರಂದು ಕೇಂದ್ರ ಪೆಟ್ರೋಲ್ ಸುಂಕವನ್ನು 10 ರೂಪಾಯಿ, ಡೀಸೆಲ್ ಸುಂಕವನ್ನು 13 ರೂಪಾಯಿ ಏರಿಸಿತು. ಮೇ ಮಧ್ಯದಲ್ಲಿ ದೆಹಲಿಯಲ್ಲಿ ಲೀಟರ್ ಪೆಟ್ರೋಲ್ 71.26. ಡೀಲರ್‌ಗೆ ಬಿದ್ದ ಬೆಲೆ 18.28, ಡೀಲರ್ ಕಮಿಷನ್ 3.56. ಮಿಕ್ಕ 49.42 ಪೂರ್ತಿ ತೆರಿಗೆ. ಅಗ್ಗದ ಎಣ್ಣೆಯ ಲಾಭ ನಮ್ಮ ಟ್ಯಾಂಕಿಗೆ ಬರುವ ಮೊದಲೇ ಖಜಾನೆಗೆ ಹೋಯಿತು. ಪೇಟೆ ಮತ್ತೆ ಏರಿದಾಗ ಆ ಏರಿಕೆ ಮಾತ್ರ ನೇರ ನಮಗೇ ಬಂತು. 2021ರ ಜೂನ್‌ನಲ್ಲಿ ಬೆಂಗಳೂರಲ್ಲಿ ಪೆಟ್ರೋಲ್ 100 ದಾಟಿತು.

ದಿನಾ ದರ ಬದಲಾಗುವ ಪದ್ಧತಿಯೂ ಚುನಾವಣೆ ಬಂದರೆ ನಿಂತುಬಿಡುತ್ತೆ. 2021ರ ನವೆಂಬರ್‌ನಿಂದ 137 ದಿನ ಕಂಪನಿಗಳು ದರ ಮುಟ್ಟಲಿಲ್ಲ. ನಡುವೆ ಉಕ್ರೇನ್ ಯುದ್ಧ ಶುರುವಾಗಿ ತೈಲ 139 ಡಾಲರಿಗೆ ಜಿಗಿದಿತ್ತು. ಉತ್ತರ ಪ್ರದೇಶದ ಫಲಿತಾಂಶ ಮಾರ್ಚ್ 10ಕ್ಕೆ ಬಂತು, 22ರಿಂದ ದರ ಏರತೊಡಗಿತು. 2024ರಲ್ಲಿ 2 ರೂಪಾಯಿ ಇಳಿಸಿದ್ದು ಮಾರ್ಚ್ 15ರಂದು, ಲೋಕಸಭೆ ಚುನಾವಣೆಯ ದಿನಾಂಕ ಘೋಷಣೆಯಾಗಿದ್ದು ಮಾರನೇ ದಿನ.

ರಾಜ್ಯದ್ದೂ ಒಂದು ವಾದ ಇದೆ, ಅದನ್ನು ತಳ್ಳಿಹಾಕೋಕೆ ಆಗಲ್ಲ. 2024ರಲ್ಲಿ ಕೇಂದ್ರದ ಆ 19.90ರಲ್ಲಿ ರಾಜ್ಯಗಳ ಜೊತೆ ಹಂಚಿಕೊಳ್ಳುವ ಭಾಗಕ್ಕೆ ಸೇರುತ್ತಿದ್ದುದು ಬರೀ 1.40. ಉಳಿದದ್ದೆಲ್ಲ ಸೆಸ್ಸು, ವಿಶೇಷ ಸುಂಕ. ಸರಿ, ಆದರೆ ರಾಜ್ಯ ತನ್ನ ಶೇ 29.84ನ್ನು ಕೇಂದ್ರದ ಸುಂಕ ಸೇರಿದ ಬೆಲೆಯ ಮೇಲೆ ಹಾಕುತ್ತೆ. ತೆರಿಗೆಯ ಮೇಲಿನ ತೆರಿಗೆಯೇ ಲೀಟರಿಗೆ ಹತ್ತಿರ 6 ರೂಪಾಯಿ. ಪೆಟ್ರೋಲ್ ಇನ್ನೂ ಜಿಎಸ್‌ಟಿ ಹೊರಗೆ ಇರುವುದಕ್ಕೆ ಇಬ್ಬರಿಗೂ ಈ ದುಡ್ಡು ಬೇಕು ಅನ್ನೋದೇ ಕಾರಣ ಅಂತ ನನಗನಿಸುತ್ತೆ. ಬಂಕ್ ಬಿಲ್‌ನಲ್ಲಾದರೂ ಎಣ್ಣೆಗೆ ಇಷ್ಟು, ತೆರಿಗೆಗೆ ಇಷ್ಟು ಅಂತ ಬಿಡಿಸಿ ಬರೆಯಬಹುದಲ್ವಾ? ಹೋಟೆಲ್ ಬಿಲ್‌ನಲ್ಲಿ ಬರೆಯುತ್ತಾರೆ.

2025ರ ಏಪ್ರಿಲ್ 1ಕ್ಕೆ ಡೀಸೆಲ್ ತೆರಿಗೆ ಶೇ 21.17 ಆಯಿತು. ಮತ್ತೆ 2 ರೂಪಾಯಿ ಏರಿ ಲೀಟರಿಗೆ 91 ದಾಟಿತು. ಈ ಸಲ ಭಾವ ಫೋನ್ ಮಾಡಲಿಲ್ಲ, ನಾನೇ ಮಾಡಿದೆ. ಮಂಡಿಯಲ್ಲಿ ಟ್ರಿಪ್‌ಗೆ 150 ಜಾಸ್ತಿ ಕೇಳಿದ್ದರಂತೆ, 50ಕ್ಕೆ ಒಪ್ಪಿಕೊಂಡರಂತೆ.