ಮೂವತ್ತೇಳಕ್ಕೇ ಮುಟ್ಟು ನಿಂತರೆ

ನನ್ನ ತಂಗಿಗೆ ಮೂವತ್ತೇಳಕ್ಕೇ ಮುಟ್ಟು ನಿಂತಿದೆ. ಚಳಿಗಾಲದಲ್ಲೂ ನಡುರಾತ್ರಿ ಎದ್ದು ಫ್ಯಾನ್ ಹಾಕ್ತಾಳೆ, ಕುತ್ತಿಗೆಯೆಲ್ಲ ಬೆವರು. ಮನೆಗೆ ಬಂದವರು "ಒಳ್ಳೇದೇ ಆಯ್ತು ಬಿಡಮ್ಮ, ತಿಂಗಳ ರಗಳೆ ತಪ್ಪಿತು" ಅಂತಾರೆ. ಕೇಳಿದಾಗೆಲ್ಲ ಹೊಟ್ಟೆ ಉರಿಯುತ್ತೆ.

ಏನೂ ತಪ್ಪಲಿಲ್ಲ. 40ಕ್ಕೆ ಮೊದಲೇ ಅಂಡಾಶಯ ಸೋತರೆ ಈಸ್ಟ್ರೋಜೆನ್ ಅನ್ನೋ ಹೆಣ್ಣು ಹಾರ್ಮೋನ್ ಕುಸಿಯುತ್ತೆ, ಮೂಳೆ ಸವೆಯುತ್ತೆ, ಹೃದಯದ ಕಾಯಿಲೆಯ ಅಪಾಯವೂ ಹೆಚ್ಚುತ್ತೆ. ನೂರರಲ್ಲಿ ಒಬ್ಬರಿಗಾದರೂ ಹೀಗಾಗುತ್ತೆ. ಎಷ್ಟೋ ಸಲ ಕಾರಣವೇ ಸಿಗಲ್ಲ, ಆದರೂ ಜನ ಅವಳ ಊಟ, ಕೆಲಸ, ಟೆನ್ಶನ್ನು ಎಲ್ಲಾ ಜರಡಿ ಹಿಡೀತಾರೆ.

ಬೇರೆ ಅಡ್ಡಿ ಇಲ್ಲದವರಿಗೆ 50ರ ಆಸುಪಾಸಿನವರೆಗೆ ಹಾರ್ಮೋನ್ ಕೊಡ್ತಾರೆ. "ಕ್ಯಾನ್ಸರ್ ಬರುತ್ತೆ" ಅಂತ ಹೆದರಿಸಿ ನಿಲ್ಲಿಸಬೇಡಿ. ಆ ಭಯ ಹುಟ್ಟಿದ್ದು ಐವತ್ತು ದಾಟಿದವರ ಮೇಲೆ ನಡೆದ ಅಧ್ಯಯನಗಳಿಂದ. ಇವಳ ದೇಹಕ್ಕೆ ಈ ವಯಸ್ಸಲ್ಲಿ ಇರಲೇಬೇಕಾದ ಹಾರ್ಮೋನ್ ಅದು.

ನಲವತ್ತರೊಳಗಿನವರು ಯಾರಾದ್ರೂ ಓದ್ತಿದ್ದರೆ: ಮೂರ್ನಾಲ್ಕು ತಿಂಗಳು ಮುಟ್ಟಾಗದೆ ಇದ್ದು, ಬಸಿರೂ ಅಲ್ಲ ಅಂತಾದರೆ, ಡಾಕ್ಟರ ಹತ್ತಿರ ಹೋಗಿ ಎಫ್‌ಎಸ್‌ಎಚ್ (ಅಂಡಾಶಯಕ್ಕೆ ಕೆಲಸ ಮಾಡು ಅಂತ ಹೇಳೋ ಹಾರ್ಮೋನ್) ರಕ್ತಪರೀಕ್ಷೆ ಬಗ್ಗೆ ನೀವೇ ಬಾಯಿಬಿಟ್ಟು ಕೇಳಿ. ತಾಯಿಗೋ ಅಕ್ಕನಿಗೋ ಬೇಗ ನಿಂತಿತ್ತು ಅನ್ನೋದಾದರೆ ಅದನ್ನೂ ಹೇಳಿ.

ಮುಂದಿನ ವಾರ ಅವಳ ಮೂಳೆ ಸ್ಕ್ಯಾನ್. ನಾನೂ ಜೊತೆಗೆ ಹೋಗ್ತಿದ್ದೀನಿ.