ಮಾತು ಕಡಿಮೆ ಇರುವ ಮಕ್ಕಳಿಗೆ ಯಾವ ಡಿಗ್ರಿ?

ಹನ್ನೆರಡನೆಯ ಫಲಿತಾಂಶ ಬಂದ ವಾರ ಡೊಂಬಿವಲಿ, ಮುಲುಂಡ್, ಪುಣೆಯ ಕನ್ನಡದ ಮನೆಗಳಲ್ಲಿ ಒಂದು ಪ್ರಶ್ನೆ ಎದ್ದೇ ಏಳುತ್ತದೆ: "ಇವಳು ಯಾರ ಹತ್ರಾನೂ ಮಾತಾಡಲ್ಲ, ಏನು ಓದಿಸೋದು?" ಉತ್ತರಗಳೂ ಸಿದ್ಧವಿರುತ್ತವೆ. ಕಂಪ್ಯೂಟರ್ ಓದಲಿ, ಒಬ್ಬಳೇ ಕೂತು ಕೆಲಸ ಮಾಡಬಹುದು. ಲೈಬ್ರರಿ ಸೈನ್ಸ್ ಆದರೂ ಆದೀತು. ಲಾ ಮಾತ್ರ ಬೇಡ, ಕೋರ್ಟಿನಲ್ಲಿ ವಾದ ಮಾಡಬೇಕು. ಮೂರೂ ಅರ್ಧ ಸತ್ಯ. ಡಿಗ್ರಿಯ ಹೆಸರು ಕೇಳಿ ಅದರೊಳಗೆ ಎಷ್ಟು ಮಾತಿದೆ ಎಂದು ಹೇಳಲು ಬರುವುದಿಲ್ಲ. ಆ ಕೋರ್ಸಿನ ಒಂದು ವಾರ ಹೇಗೆ ಕಳೆಯುತ್ತದೆ, ಅಂಕ ಯಾವುದಕ್ಕೆ ಸಿಗುತ್ತದೆ, ಮುಂದೆ ಮಾಡುವ ಕೆಲಸದಲ್ಲಿ ದಿನಕ್ಕೆ ಎಷ್ಟು ಹೊತ್ತು ಜನರ ನಡುವೆ ಇರಬೇಕು, ಇವನ್ನು ನೋಡಬೇಕು.

ಅದಕ್ಕೂ ಮೊದಲು ಮಗು ನಿಜಕ್ಕೂ ಅಂತರ್ಮುಖಿಯೇ ಎಂದು ತಿಳಿದುಕೊಳ್ಳಿ. ಜನರ ನಡುವೆ ಬೇಗ ದಣಿಯುವುದು, ಒಬ್ಬರೇ ಇದ್ದಾಗ ಚೇತರಿಸಿಕೊಳ್ಳುವುದು, ಇಬ್ಬರು ಮೂವರ ಜೊತೆ ಮಾತ್ರ ಮನಬಿಚ್ಚಿ ಮಾತಾಡುವುದು ಅಂತರ್ಮುಖಿಯ ಸ್ವಭಾವ. ಇಲ್ಲಿನ ಕನ್ನಡ ಮಕ್ಕಳಲ್ಲಿ ಇನ್ನೊಂದು ಬಗೆಯ ಮೌನವೂ ಇದೆ. ವಿಜಯಪುರದಿಂದಲೋ ಕಲಬುರಗಿಯಿಂದಲೋ ಬಂದು ಸೇರಿದ ಹುಡುಗ, ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗಿ ತರಗತಿಯಲ್ಲಿ ಬಾಯಿ ಬಿಡದಿರುವುದು ಮರಾಠಿ, ಹಿಂದಿ, ಇಂಗ್ಲಿಷು ನಾಲಿಗೆಗೆ ಒಗ್ಗದ್ದರಿಂದ. ಮನೆಯಲ್ಲಿ, ಊರ ಜಾತ್ರೆಯಲ್ಲಿ ಅದೇ ಮಗು ಎಗ್ಗಿಲ್ಲದೆ ಮಾತಾಡುತ್ತಿದ್ದರೆ ಅದು ಭಾಷೆಯ ತೊಡಕು ಅಷ್ಟೆ, ರೂಢಿಯಾದಂತೆ ಬಿಡುತ್ತದೆ. ಅದಕ್ಕಾಗಿ ಅವರಿಗೆ ಇಷ್ಟವಾದ ಕೋರ್ಸು ತಪ್ಪಿಸುವುದು ಅನ್ಯಾಯ. ಓರಲ್ ಎಂದ ಕೂಡಲೇ ಎದೆ ಹೊಡೆದುಕೊಂಡು ಪರೀಕ್ಷೆಯನ್ನೇ ತಪ್ಪಿಸಿಕೊಳ್ಳುವಷ್ಟು ಭಯವಿದ್ದರೆ ಅದು ಮೂರನೆಯ ಸಂಗತಿ. ಅದಕ್ಕೆ ಚಿಕಿತ್ಸೆ ಇದೆ. ಡಿಗ್ರಿ ಬದಲಿಸಿದರೆ ಹೋಗುವಂಥದ್ದಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಭಾಷೆಯನ್ನೂ ಆರಿಸಿಕೊಳ್ಳಬಹುದು.

ಇನ್ನು ಸಿಲಬಸ್. ಪಿಡಿಎಫ್ ವಿಶ್ವವಿದ್ಯಾಲಯದ ಜಾಲತಾಣದಲ್ಲೇ ಇರುತ್ತದೆ. ಪಾಠಗಳ ಪಟ್ಟಿ ದಾಟಿ ಪರೀಕ್ಷೆಯ ಸ್ಕೀಮ್ ಇರುವ ಕೋಷ್ಟಕ ತೆರೆಯಿರಿ. ಮುಂಬಯಿ ವಿಶ್ವವಿದ್ಯಾಲಯದ ಎಂಜಿನಿಯರಿಂಗಿನಲ್ಲಿ ಥಿಯರಿಯ ಪಕ್ಕ ಟರ್ಮ್ ವರ್ಕ್ (ಸೆಮಿಸ್ಟರಿನುದ್ದಕ್ಕೂ ಮಾಡಿದ ಕೆಲಸ), ಪ್ರಾಕ್ಟಿಕಲ್, ಓರಲ್ ಎಂಬ ಕಾಲಂಗಳಿರುತ್ತವೆ, ಹೆಚ್ಚಾಗಿ 25 ಅಂಕದವು. ಓರಲ್ ಕಂಡು ಹೆದರಬೇಕಿಲ್ಲ. ಹೊರಗಿನ ಪರೀಕ್ಷಕರು ಪ್ರಯೋಗಗಳನ್ನು ಬರೆದಿಟ್ಟ ಜರ್ನಲ್ ತಿರುವಿ ಹಾಕಿ ನಾಲ್ಕೈದು ಪ್ರಶ್ನೆ ಕೇಳುತ್ತಾರೆ. ಪ್ರತಿ ಪ್ರಯೋಗದ ಉದ್ದೇಶ, ಬಂದ ಫಲಿತಾಂಶ, ಯಾಕೆ ಹಾಗೆ ಬಂತು ಎಂಬ ಮೂರು ಸಾಲನ್ನು ಬಾಯಿಬಿಟ್ಟು ಹೇಳಿ ಅಭ್ಯಾಸ ಮಾಡಿದವರಿಗೆ ಅದು ನಿಲುಕುವ ಅಂಕ. ನಿಜವಾಗಿ ಸುಸ್ತು ಮಾಡುವುದು ವಾರವಾರ ಬರುವ ಪ್ರೆಸೆಂಟೇಶನ್ನು, ಗ್ರೂಪ್ ಪ್ರಾಜೆಕ್ಟು. ಮ್ಯಾನೇಜ್‌ಮೆಂಟ್ ಓದಾದ ಬಿಎಂಎಸ್‌ನಲ್ಲಿ ಇವು ಹೆಜ್ಜೆಹೆಜ್ಜೆಗೂ ಇರುತ್ತವೆ. ಅದೇ ಲೆಕ್ಕಪತ್ರದ ಒಲವಿರುವ ಮಗುವಿಗೆ ಬಿಕಾಂ ಅಕೌಂಟಿಂಗ್ ಆಂಡ್ ಫೈನಾನ್ಸ್ ಎಷ್ಟೋ ವಾಸಿ.

ಹೊಸ ಶಿಕ್ಷಣ ನೀತಿ ಬಂದ ಮೇಲೆ ಮಹಾರಾಷ್ಟ್ರದ ಬಿಎ, ಬಿಕಾಂ, ಬಿಎಸ್ಸಿಗಳಲ್ಲೂ ಫೀಲ್ಡ್ ಪ್ರಾಜೆಕ್ಟ್, ಸಮುದಾಯದ ಕೆಲಸ, ಓಜೆಟಿ (ಕೆಲಸದ ಜಾಗದಲ್ಲೇ ತರಬೇತಿ) ಸೇರಿವೆ. ಥಿಯರಿಯ ಒಂದು ಕ್ರೆಡಿಟ್ಟಿಗೆ 15 ಗಂಟೆಯಾದರೆ ಇಂಥ ಕೆಲಸಕ್ಕೆ 30 ಗಂಟೆ. ನಾಲ್ಕು ಕ್ರೆಡಿಟ್ಟಿನ ಓಜೆಟಿ ಎಂದರೆ 120 ಗಂಟೆ ಹೊಸಬರ ನಡುವೆ. ಜಾಗವನ್ನು ಸೆಮಿಸ್ಟರ್ ಶುರುವಾಗುವ ಮೊದಲೇ ಹುಡುಕಿಕೊಳ್ಳಿ: ಲ್ಯಾಬು, ದಾಖಲೆಗಳ ಸಂಗ್ರಹ, ಲೆಕ್ಕಪರಿಶೋಧಕರ ಕಚೇರಿ. ತಡಮಾಡಿದವರಿಗೆ ಉಳಿಯುವುದು ಫೋನು ಹಿಡಿದು ಗಿರಾಕಿ ಹುಡುಕುವ ಕೆಲಸವೇ.

ಮೊದಲು ಹೇಳಿದ ಅರ್ಧ ಸತ್ಯಗಳಿಗೆ ಬರೋಣ. ಸಾಫ್ಟ್‌ವೇರಿನಲ್ಲಿ ಕೋಡ್ ಬರೆಯುವುದು ಒಂಟಿ ಕೆಲಸ ಹೌದು, ಆದರೆ ಪುಣೆಯ ಐಟಿ ಬಡಾವಣೆ ಹಿಂಜವಡಿಯ ಬಹಳಷ್ಟು ಕಚೇರಿಗಳಲ್ಲಿ ಬೆಳಗಾದರೆ ತಂಡದ ಸ್ಟ್ಯಾಂಡ್‌ಅಪ್ ಮೀಟಿಂಗು, ಆಮೇಲೆ ಕ್ಲೈಂಟ್ ಕಾಲು. ಲೈಬ್ರರಿ ಸೈನ್ಸ್ ಡಿಗ್ರಿ ಮುಗಿಸಿದ ಮೇಲಿನ ಒಂದು ವರ್ಷದ ಓದು. ಕ್ಯಾಟಲಾಗಿಂಗು ಮೌನದ ಕೆಲಸ, ಕಾಲೇಜು ಲೈಬ್ರರಿಯ ಕೌಂಟರಿನಲ್ಲಿ ಮಾತ್ರ ಇಡೀ ದಿನ ಸಾಲು. ಸಿಎ ಓದುವವರು ಲೆಕ್ಕಪರಿಶೋಧಕರ ಕೈಕೆಳಗೆ ಮಾಡುವ ಆರ್ಟಿಕಲ್‌ಶಿಪ್ಪಿನ ಎರಡು ವರ್ಷದಲ್ಲಿ ಗೋಡೌನಿನ ಸ್ಟಾಕ್ ಎಣಿಕೆ, ಏಪ್ರಿಲ್ ಬಂತೆಂದರೆ ಬ್ಯಾಂಕ್ ಶಾಖೆಗಳ ಆಡಿಟ್ ಇರುತ್ತದೆ. ಲಾ ಓದಿದವರೆಲ್ಲ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಒಪ್ಪಂದಗಳ ಕರಡು ಬರೆಯುವುದರಲ್ಲೇ ವೃತ್ತಿ ಕಳೆಯುವವರಿದ್ದಾರೆ. ಪೇಟೆಂಟ್ ಏಜೆಂಟ್ ಆಗಲು ಲಾ ಬೇಕೇ ಇಲ್ಲ, ವಿಜ್ಞಾನ ಅಥವಾ ಎಂಜಿನಿಯರಿಂಗ್ ಪದವಿ ಸಾಕು. ಎರಡು ಲಿಖಿತ ಪೇಪರು, ಒಂದು ವೈವಾ; ಪ್ರತಿ ಪೇಪರಿನಲ್ಲಿ ಶೇಕಡಾ 50, ಒಟ್ಟಾರೆ 60 ಬೇಕು. ಹಳೆಯ ಪೇಟೆಂಟುಗಳನ್ನು ಜಾಲಾಡಿ ಹೊಸ ಸಂಶೋಧನೆಯ ಕ್ಲೇಮುಗಳನ್ನು (ಯಾವುದರ ಮೇಲೆ ಹಕ್ಕು ಎಂದು ಹೇಳುವ ಸಾಲುಗಳನ್ನು) ಪದಪದ ತೂಗಿ ಬರೆಯುವ ಈ ಕೆಲಸ ಅಂತರ್ಮುಖಿಗಳಿಗೆ ಎಷ್ಟು ಹೊಂದುತ್ತದೆಂದು ನಮ್ಮವರಿಗೆ ಗೊತ್ತೇ ಇಲ್ಲ. ಪೇಟೆಂಟ್ ಕಚೇರಿಯ ಶಾಖೆಯೊಂದು ಮುಂಬಯಿಯ ಆಂಟಾಪ್ ಹಿಲ್‌ನಲ್ಲೇ ಇದೆ.

ಭಾಷೆಯ ಒಲವಿದ್ದರೆ ಪುಣೆಯ ಡೆಕ್ಕನ್ ಕಾಲೇಜನ್ನು ಮರೆಯಬೇಡಿ. ಅಲ್ಲಿ 1948ರಲ್ಲಿ ಶುರುವಾದ ಸಂಸ್ಕೃತ ನಿಘಂಟಿನ ಕೆಲಸ ಇವತ್ತಿಗೂ ನಡೆಯುತ್ತಿದೆ. ಒಂದೊಂದು ಪದ ಎಲ್ಲೆಲ್ಲಿ ಬಂದಿದೆ ಎಂದು ಬರೆದಿಟ್ಟ ಚೀಟಿಗಳೇ ಸುಮಾರು ಒಂದು ಕೋಟಿ. ಭಾಷಾವಿಜ್ಞಾನದ ಎಂಎ ಅಲ್ಲೇ ಇದೆ. ಅದೇ ಆವರಣದ ಪುರಾತತ್ವದ ಎಂಎ ಬೇರೆ ತೆರನಾದದ್ದು, ಉತ್ಖನನದ ಕ್ಯಾಂಪಿನಲ್ಲಿ ಎಲ್ಲರ ಜೊತೆಗೇ ಊಟ, ನಿದ್ದೆ. ಗೋವಾದ ಸಮುದ್ರವಿಜ್ಞಾನವೂ ಹೀಗೇ ಎರಡು ಮುಖದ್ದು. ಕಡಲ ತಳದ ಕೆಸರನ್ನು 63 ಮೈಕ್ರಾನ್ ಜರಡಿಯಲ್ಲಿ ತೊಳೆದು ಒಣಗಿಸಿ, ಸೂಕ್ಷ್ಮದರ್ಶಕದ ಕೆಳಗೆ ಹರಡಿ, ಒದ್ದೆ ಮಾಡಿದ ಸಣ್ಣ ಕುಂಚದ ತುದಿಯಿಂದ ಫೊರಾಮಿನಿಫೆರಾ ಎಂಬ ಸೂಕ್ಷ್ಮ ಕಡಲಜೀವಿಗಳ ಚಿಪ್ಪುಗಳನ್ನು ಒಂದೊಂದಾಗಿ ಎತ್ತಿ ಕಪ್ಪು ಸ್ಲೈಡಿನ ಮನೆಗಳಲ್ಲಿ ಕೂರಿಸಬೇಕು. ಒಂದು ಮಾದರಿಗೆ ಸುಮಾರು 300 ಚಿಪ್ಪು. ಅದೇ ಕೆಸರು ತರಲು ಸಂಶೋಧನಾ ಹಡಗಿನಲ್ಲಿ ವಾರಗಟ್ಟಲೆ ಕ್ಯಾಬಿನ್ ಹಂಚಿಕೊಂಡು ಇರಬೇಕಾಗುತ್ತದೆ. ಸೇರುವ ಮೊದಲೇ ಇದನ್ನು ಕೇಳಿಕೊಳ್ಳಿ.

ಕಾಲೇಜು ಆರಿಸುವಾಗ ಲೋಕಲ್ ಗಾಡಿಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಡೊಂಬಿವಲಿಯಿಂದ ಸಿಎಸ್‌ಎಂಟಿಗೆ ಒಂದು ಗಂಟೆಗೂ ಮೇಲೆ, ಅದೂ ನಿಂತೇ, ಮೈಗೆ ಮೈ ತಾಗಿಸಿಕೊಂಡು. ಅಂತರ್ಮುಖಿ ಮಗುವಿನ ಅರ್ಧ ತ್ರಾಣ ಮೊದಲ ಲೆಕ್ಚರಿಗೆ ಮುಂಚೆಯೇ ಮುಗಿದಿರುತ್ತದೆ. ಎರಡು ಕಾಲೇಜು ಹೆಚ್ಚುಕಡಿಮೆ ಸಮಾನವಾಗಿದ್ದರೆ ಹತ್ತಿರದ್ದನ್ನೇ ಹಿಡಿಯಿರಿ. ಪುಣೆಯ ಹಾಸ್ಟೆಲುಗಳಲ್ಲಿ ಒಂದು ಕೋಣೆಗೆ ಎಷ್ಟು ಜನ, ರೀಡಿಂಗ್ ರೂಮು ಎಷ್ಟು ಹೊತ್ತಿನವರೆಗೆ ತೆರೆದಿರುತ್ತದೆ ಎಂದು ವಿಚಾರಿಸಿ. ಕಾಲೇಜಿನವರೇ ಕರೆಯುವ ದಿನ ಹೋಗಬೇಡಿ. ಯಾವುದಾದರೂ ವಾರದ ನಡುವಿನ ದಿನ ಹೋಗಿ ಎರಡನೆಯ ವರ್ಷದ ಒಬ್ಬರನ್ನು ಹಿಡಿದು, ಕಳೆದ ಸೆಮಿಸ್ಟರಿನಲ್ಲಿ ಎಷ್ಟು ಪ್ರೆಸೆಂಟೇಶನ್ ಕೊಟ್ಟಿರಿ, ಗ್ರೂಪು ಯಾರು ಮಾಡುತ್ತಾರೆ ಎಂದು ಕೇಳಿ. ತಾವೇ ಗ್ರೂಪು ಮಾಡಿಕೊಳ್ಳಲು ಬಿಟ್ಟರೆ ಒಳ್ಳೆಯದು, ಒಬ್ಬ ಗೆಳತಿ ಸಿಕ್ಕರೂ ಸಾಕು.

ಈ ಓಡಾಟವೆಲ್ಲ ಕ್ಯಾಪ್ (ಎಂಜಿನಿಯರಿಂಗಿನಂಥ ಕೋರ್ಸುಗಳಿಗೆ ರಾಜ್ಯದ ಕೇಂದ್ರೀಕೃತ ಪ್ರವೇಶ) ಸುತ್ತಿನ ಆಪ್ಷನ್ ಫಾರ್ಮ್ ತುಂಬುವ ಮೊದಲೇ ಮುಗಿದಿರಲಿ. ಮೊದಲ ಸ್ಥಾನದಲ್ಲಿ ಬರೆದ ಕಾಲೇಜೇ ಸಿಕ್ಕರೆ ಸೀಟು ತಾನಾಗಿ ಫ್ರೀಜ್ ಆಗುತ್ತದೆ, ಮುಂದಿನ ಸುತ್ತಿಗೆ ಹೋಗಲು ಬಿಡುವುದಿಲ್ಲ. ನೆರೆಮನೆಯವರು ಹೊಗಳಿದರೆಂದು ನೋಡದ ಕಾಲೇಜನ್ನು ಅಲ್ಲಿ ಬರೆಯಬೇಡಿ.