‘ಎಷ್ಟನೇ ಕ್ಲಾಸು?’ – ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಮೊನ್ನೆ ಶಿರಸಿಯಲ್ಲಿ ದೊಡ್ಡಮ್ಮನ ಮನೆಯ ಉಪನಯನ. ಊಟದ ಪಂಕ್ತಿಯಲ್ಲಿ ಪಕ್ಕದ ಎಲೆಗೆ ಕೂತಿದ್ದ ಅಜ್ಜಿಯೊಬ್ಬರು ನನ್ನ ಮಗನ ಬೆನ್ನು ಸವರಿ ಕೇಳಿದರು, “ತಮಾ, ಎಷ್ಟನೇ ಕ್ಲಾಸು ಈ ವರ್ಷ?” ಅವನು ನನ್ನ ಮುಖ ನೋಡಿದ. ಶಾಲೆಗೆ ಹೋಗುವುದಿಲ್ಲ, ಮನೆಯಲ್ಲೇ ಕಲಿಯುತ್ತಾನೆ ಅಂದೆ. ಅಜ್ಜಿಯ ಕೈಯ ತುತ್ತು ಬಾಯಿಗೆ ಹೋಗಲಿಲ್ಲ. “ಎಂತಕ್ಕೆ ಶಾಲೆಗೆ ಕಳ್ಸ್ತಿಲ್ಲೆ ಕೂಸೇ?”

ಅಷ್ಟರಲ್ಲಿ ಪಾಯಸ ಬಂತು, ಮಾತು ಅಲ್ಲಿಗೇ ನಿಂತಿತು. ಆರು ವರ್ಷದಿಂದ ಪೇಟೆಯಲ್ಲಿ, ಬಸ್ಸಿನಲ್ಲಿ, ಕ್ವಾರ್ಟರ್ಸಿನ ಮೆಟ್ಟಿಲ ಮೇಲೆ ಈ ಪ್ರಶ್ನೆಗೆ ಹೀಗೇ ಅರ್ಧ ಉತ್ತರ ಕೊಡುತ್ತ ಬಂದಿದ್ದೇನೆ. ಕೇಳಿದವರು ಕಾಳಜಿಯಿಂದಲೇ ಕೇಳುತ್ತಾರೆ. ಅವರಿಗೆ ಪೂರ್ತಿ ಉತ್ತರ ಸಲ್ಲಬೇಕು ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ನಮ್ಮನೆಯವರು ನೌಕಾಪಡೆಯಲ್ಲಿದ್ದಾರೆ. 2022ರಿಂದ ನಾವು ಕಾರವಾರದಲ್ಲಿದ್ದೇವೆ. ಅರ್ಗಾದಲ್ಲಿರುವ ಐಎನ್‌ಎಸ್ ಕದಂಬ ನೌಕಾನೆಲೆ ಎಲ್ಲರಿಗೂ ಗೊತ್ತು. ಅದಕ್ಕೂ ಮೊದಲು ಕೊಚ್ಚಿ, ಮುಂಬೈ, ವಿಶಾಖಪಟ್ಟಣ. ಅವರ ಹಡಗು ಯಾವುದು, ಯಾವಾಗ ಹೊರಡುತ್ತದೆ, ಯಾವಾಗ ಬರುತ್ತದೆ ಎಂಬುದನ್ನು ನಾನು ಬರೆಯುವುದಿಲ್ಲ. ನನ್ನ ಮಕ್ಕಳೂ ಹೇಳುವುದಿಲ್ಲ. ಮಗ್ಗಿ ಬಾಯಿಪಾಠವಾಗುವ ಮೊದಲೇ ಅವರು ಕಲಿತ ಪಾಠ ಅದು.

ಚಿಕ್ಕದಾಗಿ ಹೇಳಬೇಕೆಂದರೆ, ಶಾಲೆಯ ವರ್ಷವೇ ಬೇರೆ, ಹಡಗಿನ ವರ್ಷವೇ ಬೇರೆ, ಎರಡೂ ಕೂಡುವುದಿಲ್ಲ. ಮಕ್ಕಳಿಗೆ ಅಪ್ಪ ಸಿಗಬೇಕಾದರೆ ನಾವು ಒಂದನ್ನು ಬಿಡಬೇಕಿತ್ತು. ಹಡಗನ್ನು ಬಿಡುವ ಹಾಗಿರಲಿಲ್ಲ.

2019ರಲ್ಲಿ ನಾವು ವಿಶಾಖಪಟ್ಟಣದಲ್ಲಿದ್ದೆವು. ಮಗಳಿಗೆ ಎಂಟು ವರ್ಷ, ಮಗನಿಗೆ ಮೂರು. ದೊಡ್ಡ ಸೇಲಿಂಗ್ ಮುಗಿಸಿ ಇವರು ಬಂದರು. ಒಂಬತ್ತು ದಿನ ರಜೆ. ಅದೇ ವಾರ ಮಗಳಿಗೆ ಪರೀಕ್ಷೆ. ಬೆಳಿಗ್ಗೆ ಏಳೂವರೆಗೆ ಬಸ್ಸು, ಎರಡೂವರೆಗೆ ವಾಪಸು, ನಾಲ್ಕಕ್ಕೆ ತೆಲುಗು ಟ್ಯೂಷನ್, ಆಮೇಲೆ ಓದು. ಎಂಟೂವರೆಗೆ ಅವಳು ಊಟದ ತಟ್ಟೆಯ ಮುಂದೆಯೇ ತೂಕಡಿಸುತ್ತಿದ್ದಳು. ಎರಡು ದಿನ ರಜೆ ಕೊಡಿ ಎಂದು ಶಾಲೆಯಲ್ಲಿ ಕೇಳಿದೆ, ಪರೀಕ್ಷೆ ತಪ್ಪಿದರೆ ಸೊನ್ನೆ ಅಂದರು. ಅವರ ನಿಯಮ ಅವರಿಗೆ. ಒಂಬತ್ತನೇ ರಾತ್ರಿ ಇವರು ಬ್ಯಾಗು ಕಟ್ಟಿ, ಮಲಗಿದ್ದ ಮಗಳ ಕಾಲ ಹತ್ತಿರ ಸುಮಾರು ಹೊತ್ತು ಕೂತಿದ್ದರು. “ಇವಳಿಗೆ ಮೇಲಿನ ಹಲ್ಲು ಯಾವಾಗ ಬಂತು?” ಎಂದು ಕೇಳಿದರು. ಹಲ್ಲು ಬಂದು ಮೂರು ತಿಂಗಳಾಗಿತ್ತು.

ಇನ್ನೊಂದು ಕಾರಣವೂ ಇತ್ತು. ಮೂರನೇ ಕ್ಲಾಸಿಗೆ ಬರುವಷ್ಟರಲ್ಲಿ ಅವಳಿಗೆ ಮೂರು ಊರು, ಮೂರು ಶಾಲೆ ಆಗಿತ್ತು. ಮಲಯಾಳ, ಮರಾಠಿ, ತೆಲುಗು ಅಕ್ಷರಗಳು ಅರ್ಧರ್ಧ ಬರುತ್ತಿದ್ದವು. ಕನ್ನಡದ್ದು ಒಂದೂ ಬರುತ್ತಿರಲಿಲ್ಲ. ಶಿರಸಿಯಿಂದ ಅಜ್ಜ ಬರೆದ ಕಾಗದವನ್ನು ನಾನೇ ಓದಿ ಹೇಳಬೇಕಿತ್ತು. ತನ್ನ ಹೆಸರು ಆ ಕಾಗದದಲ್ಲಿ ಎಲ್ಲಿದೆ ಎಂದು ಬೆರಳಿಟ್ಟು ತೋರಿಸಲು ಅವಳಿಗೆ ಆಗಲಿಲ್ಲ. ಆ ದಿನದ ಸಂಕಟ ನನಗೆ ಇವತ್ತಿಗೂ ಹಸಿಯಾಗಿದೆ.

ಕೇಂದ್ರೀಯ ವಿದ್ಯಾಲಯಗಳು ಇಲ್ಲವೇ ಎಂದು ಕೇಳುತ್ತಾರೆ. ಇವೆ. 1963ರಿಂದ ಅವು ಇರುವುದೇ ವರ್ಗವಾಗುವ ನಮ್ಮಂಥವರ ಮಕ್ಕಳಿಗಾಗಿ. ಊರು ಬದಲಾದರೂ ಪಠ್ಯ ಬದಲಾಗದು. ನಮ್ಮ ಕ್ವಾರ್ಟರ್ಸಿನ ಬಹುಪಾಲು ಮಕ್ಕಳು ಅಂಥ ಶಾಲೆಗಳಲ್ಲೇ ಚೆನ್ನಾಗಿ ಓದುತ್ತಿದ್ದಾರೆ. ಗಂಡ ಸಮುದ್ರದಲ್ಲಿರುವಾಗ ಒಬ್ಬಳೇ ಮನೆ ತೂಗಿಸುವ ಹೆಂಗಸಿಗೆ ಶಾಲೆಯ ಆ ಆರು ತಾಸು ಎಷ್ಟು ದೊಡ್ಡ ಆಸರೆ ಎಂಬುದು ನನಗೆ ಗೊತ್ತು. ಎದುರು ಮನೆಯ ಗೆಳತಿ ನನ್ನನ್ನು ನೋಡಿ ತಾನೂ ಶಾಲೆ ಬಿಡಿಸುತ್ತೇನೆ ಅಂದಾಗ ನಾನೇ ಬೇಡ ಅಂದೆ. ಅವಳಿಗೆ ನರ್ಸ್ ಕೆಲಸ ಇದೆ, ಅದು ಅವಳ ಜೀವ. ನಮಗೆ ಬೇಕಾಗಿದ್ದು ಪಠ್ಯದ ಅನುಕೂಲವಲ್ಲ, ಹೊತ್ತು.

ಕಾನೂನಿನ ಮಾತನ್ನೂ ಹೇಳಿಬಿಡುತ್ತೇನೆ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ ಉಚಿತ, ಕಡ್ಡಾಯ ಶಿಕ್ಷಣ ಎನ್ನುತ್ತದೆ. ಮಗುವನ್ನು ಶಾಲೆಗೆ ಸೇರಿಸುವುದು ತಂದೆತಾಯಿಯ ಕರ್ತವ್ಯ ಎಂದು ಅದರ 10ನೇ ಸೆಕ್ಷನ್ನಿನಲ್ಲಿದೆ. ಸೇರಿಸದಿದ್ದರೆ ಶಿಕ್ಷೆ ಎಂದು ಎಲ್ಲೂ ಇಲ್ಲ. ಮನೆಶಾಲೆಯ ಹೆಸರೇ ಅದರಲ್ಲಿಲ್ಲ. ಈ ದಾರಿ ಹಿಡಿಯುವವರು ಇದನ್ನು ಓದಿ, ತಿಳಿದು ಹಿಡಿಯಬೇಕು.

ಇವರು ಮನೆಯಲ್ಲಿದ್ದಾಗ ಒಂದು ದಿನಚರಿ, ಸಮುದ್ರದಲ್ಲಿದ್ದಾಗ ಇನ್ನೊಂದು. ಹಡಗು ಹೊರಗಿದ್ದಾಗ ಬೆಳಿಗ್ಗೆ ಒಂಬತ್ತರಿಂದ ಹನ್ನೊಂದೂವರೆವರೆಗೆ ಊಟದ ಮೇಜಿನ ಮೇಲೆ ಲೆಕ್ಕ, ಕನ್ನಡ, ಇಂಗ್ಲಿಷ್. ಎರಡೇ ಮಕ್ಕಳಾದ್ದರಿಂದ ಅಷ್ಟು ಸಾಕಾಗುತ್ತದೆ. ಮಧ್ಯಾಹ್ನ ವಿಜ್ಞಾನ, ಓದು, ಮಳೆಯಿಲ್ಲದಿದ್ದರೆ ಹೊರಗೆ. ಇವರು ಬಂದ ದಿನ ಪುಸ್ತಕ ಮುಚ್ಚುತ್ತೇವೆ. ಅದು ಆಗಸ್ಟ್ ಇರಲಿ, ಜನವರಿ ಇರಲಿ, ನಮಗೆ ಅದೇ ಬೇಸಿಗೆ ರಜೆ. ಆಮೇಲೆ ಮೇ ತಿಂಗಳ ಸೆಕೆಯಲ್ಲಿ ಊರಿನ ಮಕ್ಕಳೆಲ್ಲ ಮಾವಿನಮರದ ಕೆಳಗಿರುವಾಗ ನನ್ನ ಮಕ್ಕಳು ದಶಾಂಶ ಲೆಕ್ಕ ಮಾಡುತ್ತಾರೆ.

ನಮ್ಮ ಮನೆಶಾಲೆಯಲ್ಲಿ ನನಗೆ ಎಲ್ಲಕ್ಕಿಂತ ಹತ್ತಿರವಾದದ್ದು ಅಪ್ಪನ ಪಟ್ಟಿ. ಇನ್ನೂರು ಪುಟದ, ಗೆರೆಯಿರುವ ಸಾದಾ ಪಟ್ಟಿ. ಅಪ್ಪ ಹೊರಟ ದಿನದಿಂದ ಬರುವ ದಿನದವರೆಗೆ ಇಬ್ಬರೂ ದಿನಕ್ಕೆ ಒಂದು ಪುಟ ಬರೆಯಬೇಕು, ಕನ್ನಡದಲ್ಲಿ. ಮಗಳು ಕನ್ನಡ ಕಲಿತದ್ದು ಅದರಲ್ಲಿ. 2019ರ ಮೊದಲ ಪಟ್ಟಿಯಲ್ಲಿ ಅವಳ ಅಕ್ಷರ ಗೆರೆಗೆ ನಿಲ್ಲುವುದಿಲ್ಲ, ಒತ್ತಕ್ಷರಗಳೆಲ್ಲ ಪಕ್ಕಕ್ಕೆ ಜಾರಿಬಿದ್ದಿವೆ: “ಅಪ ಇವತು ಮಳೆ ಬಂತು.” ನಾಲ್ಕು ತಿಂಗಳ ನಂತರದ ಪುಟದಲ್ಲಿ, “ಅಪ್ಪಾ, ಆಯಿ ಇವತ್ತು ಸುಮ್ಮಸುಮ್ಮನೆ ಅತ್ತಳು. ನಾನು ಚಹಾ ಮಾಡಿಕೊಟ್ಟೆ.” ಅದನ್ನು ನಾನು ಓದಿದ್ದು ಇವರು ಬಂದ ಮೇಲೆ. ಮಗನ ಪಟ್ಟಿಯಲ್ಲಿ ಬರಹಕ್ಕಿಂತ ಸಾಮಾನೇ ಹೆಚ್ಚು. ಬಿದ್ದ ಹಲ್ಲು, ಸೆಲ್ಲೋಟೇಪಿನಲ್ಲಿ ಅಂಟಿಸಿದ್ದು. ಕ್ಷೌರದಂಗಡಿಯಿಂದ ತಂದ ಒಂದು ಚಿಟಿಕೆ ಕೂದಲು. ಅವನು ಮೊದಲ ಹೆಜ್ಜೆ ಇಟ್ಟಾಗ ಅಪ್ಪ ಇರಲಿಲ್ಲ, ಸುದ್ದಿ ಮುಟ್ಟಿದ್ದೇ ಮೂರು ವಾರಕ್ಕೆ. ಅದನ್ನು ಅವನಿಗೆ ಯಾರೋ ಹೇಳಿದ್ದಾರೆ. ಅದಕ್ಕೇ ಈಗ ಏನೂ ತಪ್ಪಿಹೋಗದಂತೆ ಕೂಡಿಡುತ್ತಾನೆ. ಇವರು ಬಂದ ರಾತ್ರಿ ಊಟವಾದ ಮೇಲೆ ಪಟ್ಟಿಯನ್ನು ಮೊದಲ ಪುಟದಿಂದ ಗಟ್ಟಿಯಾಗಿ ಓದುತ್ತಾರೆ, ಮಕ್ಕಳಿಬ್ಬರೂ ಎರಡು ತೊಡೆಗೆ ಒರಗಿ ಕೂತಿರುತ್ತಾರೆ. ಇಲ್ಲಿಯವರೆಗೆ ಹನ್ನೊಂದು ಪಟ್ಟಿ ತುಂಬಿವೆ.

ಉಳಿದ ಪಾಠ ಕಾರವಾರವೇ ಕಲಿಸುತ್ತದೆ. ಬೈತಖೋಲ ಬಂದರಿನ ಮೆಟ್ಟಿಲುಗಳಲ್ಲಿ ಎಷ್ಟು ನೀರಿನಲ್ಲಿ ಮುಳುಗಿವೆ ಎಂದು ಮಗಳು ಒಂದು ತಿಂಗಳು ಬರೆದುಕೊಂಡಳು. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ, ಹುಣ್ಣಿಮೆ ಅಮಾವಾಸ್ಯೆಗೆ ನೀರು ಹೆಚ್ಚು ಮೇಲೆ ಬರುತ್ತದೆ ಎಂಬುದನ್ನು ಪುಸ್ತಕ ತೆಗೆಯುವ ಮೊದಲೇ ಕಂಡುಕೊಂಡಳು. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರಿದು. ಮಗನ ಮಳೆಮಾಪಕ ಜುಲೈನಲ್ಲಿ ದಿನಕ್ಕೆರಡು ಸಲ ತುಂಬುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆ ಬಂದ್. ಆಗಸ್ಟಿನಲ್ಲಿ ಮೊದಲ ಬೋಟು ಹೊರಡುವುದನ್ನು ನೋಡಲು ಅವನು ನಸುಕಿನಲ್ಲೇ ಎದ್ದು ಕೂರುತ್ತಾನೆ. ನಾವು ಮೀನು ತಿನ್ನುವವರಲ್ಲ. ಆದರೂ ಬಂಗುಡೆ, ತಾರ್ಲೆ, ಇಸ್ವಾಣ ಎಲ್ಲದರ ಗುರುತು ಅವನಿಗಿದೆ. ಮಾರುಕಟ್ಟೆಯ ಹೆಂಗಸರು ಕೈಹಿಡಿದು ತೋರಿಸಿ ಕಲಿಸಿದ್ದಾರೆ.

ಅಲ್ಲೇ ಬಸಳೆ, ಹರಿವೆ ಮಾರುವ ಒಬ್ಬ ಅಮ್ಮ ಇದ್ದಾರೆ. “ನಿಮ್ಮೂರು ಯಾವುದು?” ಎಂದು ಮಗ ಕೇಳಿದ. “ನಿಮ್ಮ ಅಪ್ಪ ಕೆಲಸ ಮಾಡ್ತಾನಲ್ಲ ಬಾಳಾ, ಅದೇ ನಮ್ಮೂರು,” ಅಂದರು. ಈ ನೌಕಾನೆಲೆ ಕಟ್ಟುವ ಸೀಬರ್ಡ್ ಯೋಜನೆಗೆ ರಾಜೀವ್ ಗಾಂಧಿ 1986ರ ಅಕ್ಟೋಬರ್ 24ರಂದು ಅಡಿಗಲ್ಲು ಹಾಕಿದರು, 2005ರ ಮೇ 31ರಂದು ಕದಂಬ ನೆಲೆ ಕೆಲಸ ಆರಂಭಿಸಿತು. ಈ ಎರಡು ತಾರೀಕುಗಳ ನಡುವೆ ಸಾವಿರಾರು ಕುಟುಂಬಗಳು ಮನೆ, ಗದ್ದೆ, ದಡ ಬಿಟ್ಟು ಎದ್ದು ಬಂದವು. ಆ ಅಮ್ಮ ತಮ್ಮ ಬಾವಿ ಎಲ್ಲಿತ್ತು, ತುಳಸಿಕಟ್ಟೆ ಎಲ್ಲಿತ್ತು ಎಂದು ಸೊಪ್ಪಿನ ಕಟ್ಟುಗಳನ್ನೇ ಜೋಡಿಸಿ ತೋರಿಸಿದರು. ಅವತ್ತಿನ ಅಪ್ಪನ ಪಟ್ಟಿಯಲ್ಲಿ ಮಗ ಆ ನಕ್ಷೆ ಬರೆದ. ಇವರು ಅದನ್ನು ಓದುವಾಗ ಸುಮ್ಮನಾದರು. ಈಗ ನಮ್ಮ ಮನೆಗೆ ಸೊಪ್ಪು ಬರುವುದು ಅವರಿಂದಲೇ.

ಠಾಗೋರರ ಹೆಸರಿನ ಕಡಲತೀರದಲ್ಲಿ ನಿಂತು, ಠಾಗೋರರೂ ಶಾಲೆಗೆ ಒಗ್ಗದೆ ಮನೆಯಲ್ಲೇ ಕಲಿತವರಲ್ಲವೇ ಎಂದು ಕೆಲವರು ನನ್ನ ಪರವಾಗಿ ವಾದ ಹೂಡುತ್ತಾರೆ. ಆ ವಾದ ನನಗೆ ಬೇಡ. ಅವರ ಮನೆಗೆ ಪಾಠ ಹೇಳಲು ಮೇಷ್ಟ್ರುಗಳ ಸಾಲೇ ಬರುತ್ತಿತ್ತು. ನಮ್ಮಲ್ಲಿ ಬಿ.ಕಾಂ. ಓದಿದ ನಾನೊಬ್ಬಳು. ಅದೇ ತೀರದಲ್ಲಿ ಚಾಪಲ್ ಯುದ್ಧನೌಕೆಯ ಪಕ್ಕ ನಿಂತಿರುವ ಮೇಜರ್ ರಾಮ ರಾಘೋಬಾ ರಾಣೆಯವರ ಪ್ರತಿಮೆಯೇ ನನಗೆ ಹೆಚ್ಚು ಆಪ್ತ. 1948ರ ಏಪ್ರಿಲ್‌ನಲ್ಲಿ ರಜೌರಿಯ ದಾರಿಯಲ್ಲಿ ನೆಲಬಾಂಬು ತೆಗೆದು ಟ್ಯಾಂಕುಗಳಿಗೆ ಹಾದಿ ಮಾಡಿಕೊಟ್ಟು ಪರಮವೀರ ಚಕ್ರ ಪಡೆದವರು ಅವರು. ಅಪ್ಪ ಪೊಲೀಸ್ ಇಲಾಖೆಯಲ್ಲಿದ್ದು ಮೇಲಿಂದ ಮೇಲೆ ವರ್ಗವಾಗುತ್ತಿದ್ದರಿಂದ ಅವರ ಓದೂ ಊರಿಂದೂರಿಗೆ ಹರಿದುಹಂಚಿ ಹೋಗಿತ್ತು. ಇದನ್ನು ಕೇಳಿದ ದಿನ ಮಗಳು ಪ್ರತಿಮೆಯನ್ನು ಇನ್ನೊಮ್ಮೆ ತಲೆಯೆತ್ತಿ ನೋಡಿದಳು.

ಮುಂದೇನು, ಸರ್ಟಿಫಿಕೇಟು ಬೇಡವೇ? ಬೇಕು. ಈ ವರ್ಷ ಮಗಳಿಗೆ 14 ತುಂಬಿತು, ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಲ್ಲಿ, ಅಂದರೆ ಎನ್‌ಐಒಎಸ್‌ನಲ್ಲಿ, ಹತ್ತನೇ ತರಗತಿಗೆ ನೋಂದಾಯಿಸಿದೆವು. ಅದು ಕೇಂದ್ರ ಸರ್ಕಾರದ್ದೇ, 1989ರಲ್ಲಿ ಶುರುವಾದದ್ದು. ಕನಿಷ್ಠ ಐದು ವಿಷಯ ಪಾಸಾಗಬೇಕು. ವರ್ಷಕ್ಕೆರಡು ಸಲ, ಏಪ್ರಿಲ್-ಮೇನಲ್ಲಿ ಮತ್ತು ಅಕ್ಟೋಬರ್-ನವೆಂಬರಿನಲ್ಲಿ ಪರೀಕ್ಷೆ. ನೋಂದಣಿ ಐದು ವರ್ಷ ನಡೆಯುತ್ತದೆ, ಒಂಬತ್ತು ಅವಕಾಶ ಸಿಗುತ್ತವೆ, ಪಾಸಾದ ವಿಷಯ ಹಾಗೇ ಉಳಿಯುತ್ತದೆ. ಎರಡು ವಿಷಯ ಇಲ್ಲಿ ಬರೆದು ಮೂರನ್ನು ಮುಂದಿನ ಪೋಸ್ಟಿಂಗಿನಲ್ಲಿ ಬರೆಯಬಹುದು. ನಮ್ಮಂಥವರಿಗೆ ಇದಕ್ಕಿಂತ ಹೊಂದುವ ವ್ಯವಸ್ಥೆ ನಾನು ಕಂಡಿಲ್ಲ. ಅವಳು ಮೊದಲು ಆರಿಸಿದ ವಿಷಯ ಕನ್ನಡ.

ಕಳೆದುಕೊಂಡದ್ದೂ ಇದೆ. ನನ್ನ ಸಂಬಳ ಹೋಯಿತು. ಜ್ವರ ಬಂದ ದಿನ ನನ್ನ ಬದಲು ಪಾಠ ಹೇಳುವವರಿಲ್ಲ. ಜೂನ್ ಮೊದಲ ವಾರ ಹೊಸ ಯೂನಿಫಾರ್ಮಿನ ಮಕ್ಕಳು ಗೇಟಿನ ಹತ್ತಿರ ಬಸ್ಸಿಗೆ ನಿಂತಾಗ ಮಗಳು ಒಳಗಿನ ಕೋಣೆಗೆ ಹೋಗಿ ಕೂರುತ್ತಿದ್ದಳು, ಎರಡು ವರ್ಷ ಹಾಗೇ ಮಾಡಿದಳು. ನನ್ನ ಗಟ್ಟಿತನ ಕರಗುತ್ತಿದ್ದುದು ಆ ವಾರದಲ್ಲೇ. “ಶಾಲೆಗೆ ಹೋಗ್ತೀಯಾ?” ಎಂದು ಎರಡೂ ಸಲ ಕೇಳಿದೆ. ಮೊದಲ ಸಲ ಯೋಚಿಸಿ ಹೇಳುತ್ತೇನೆ ಅಂದಳು. ಎರಡನೇ ಸಲ, “ಅಪ್ಪ ಬಂದಾಗ ನಾನು ಮನೇಲಿರಬೇಕು,” ಅಂದಳು. ಈಗ ವಾರಕ್ಕೆರಡು ಸಂಜೆ ಯಕ್ಷಗಾನ ಕಲಿಯಲು ಹೋಗುತ್ತಾಳೆ. ಅಲ್ಲಿ ಅವಳಿಗೆ ಜೀವದ ಗೆಳತಿ ಸಿಕ್ಕಿದ್ದಾಳೆ. ಇನ್ನೊಂದು ಪೋಸ್ಟಿಂಗ್ ಬಂದರೆ ಆ ಗೆಳೆತನ ಏನಾದೀತು ಎಂಬ ಚಿಂತೆ ನನ್ನದು.

ಅಜ್ಜಿ ಕೇಳಿದ ‘ಎಷ್ಟನೇ ಕ್ಲಾಸು’ ಇನ್ನೂ ಉಳಿದಿದೆ. ಮಕ್ಕಳು ಬೆಳೆದದ್ದನ್ನು ನಾವು ಅಳೆಯುವುದು ಒಂದು ಅಡಿಕೆ ದಬ್ಬೆಯಲ್ಲಿ. ಕೊಚ್ಚಿಯಲ್ಲಿ ಕದದ ಹಿಂದಿನ ಗೋಡೆಯ ಮೇಲೆ ಮಗಳ ಎತ್ತರ ಗುರುತು ಮಾಡಿದ್ದೆವು. ಕ್ವಾರ್ಟರ್ಸ್ ಬಿಟ್ಟುಕೊಡುವ ದಿನ ಸುಣ್ಣ ಬಳಿಯುವವ ಎರಡೇ ಎಳೆತಕ್ಕೆ ಎಲ್ಲ ಅಳಿಸಿದ. ಅವಳು ಅತ್ತದ್ದನ್ನು ಫೋನಿನಲ್ಲಿ ಕೇಳಿದ ಅಜ್ಜ ತೋಟದ ಒಣಮರ ಸಿಗಿದು, ಆರಡಿ ಉದ್ದದ ದಬ್ಬೆಯನ್ನು ನುಣ್ಣಗೆ ಹೆರೆದು ಕಳಿಸಿದರು. ಅಂದಿನಿಂದ ಅದು ಕಂಬಳಿಯಲ್ಲಿ ಸುತ್ತಿ, ಟ್ರಂಕುಗಳ ಜೊತೆ ಲಾರಿಯಲ್ಲಿ ಊರೂರು ತಿರುಗಿದೆ. ಪ್ರತಿ ಯುಗಾದಿಯ ಬೆಳಿಗ್ಗೆ ಎಣ್ಣೆಸ್ನಾನವಾದ ಮೇಲೆ ಇಬ್ಬರೂ ಅದಕ್ಕೆ ಬೆನ್ನು ತಾಗಿಸಿ ನಿಲ್ಲುತ್ತಾರೆ. ಅಪ್ಪ ಇದ್ದರೆ ಚಾಕುವಿನಿಂದ ಗೀರು ಕೊರೆಯುತ್ತಾರೆ. ಇಲ್ಲದಿದ್ದರೆ ನಾನು ಪೆನ್ಸಿಲಿನಲ್ಲಿ ಗೀಟು ಎಳೆದು ತಾರೀಕು ಬರೆದಿಡುತ್ತೇನೆ. ಅವರು ಬಂದ ಮೇಲೆ ಅದರ ಮೇಲೆಯೇ ಕೊರೆಯುತ್ತಾರೆ. ಅಷ್ಟರಲ್ಲಿ ಮಕ್ಕಳು ಆ ಗೀಟು ದಾಟಿ ಬೆಳೆದಿರುತ್ತಾರೆ. ಆದರೂ ಕೊರೆಯುವುದು ಆ ಗೀಟಿನ ಮೇಲೆಯೇ.

ದಬ್ಬೆ ಈಗ ಅಡುಗೆಮನೆಯ ಬಾಗಿಲ ಹಿಂದಿದೆ. ಅದರ ಮೇಲೆ ಈ ಯುಗಾದಿಯ ಎರಡು ಪೆನ್ಸಿಲ್ ಗೀಟು. ಕಸ ಗುಡಿಸುವಾಗ ಉಜ್ಜಿ ಅಳಿಸಿಹೋದೀತೆಂದು ಮಗ ಅವುಗಳ ಮೇಲೆ ಸೆಲ್ಲೋಟೇಪು ಅಂಟಿಸಿದ್ದಾನೆ.